ಕಿರುಬೆರಳಿನಷ್ಟು ದಪ್ಪ, ಇಪ್ಪತ್ತು ಲಕ್ಷ ಎಳೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟಗಳಲ್ಲಿ ಅಡಿಕೆ ಮರ 50 ಅಡಿ ಬೆಳೆಯುವುದು ದೊಡ್ಡ ಸಂಗತಿಯಲ್ಲ. ಕಾಲಿಗೆ ತಳೆ ಹಾಕಿ ಏರಿ, ಕೊಳೆರೋಗಕ್ಕೆ ಮದ್ದು ಬಿಟ್ಟು, ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟುವವರು ಇಲ್ಲಿದ್ದಾರೆ. ಆ ಎತ್ತರದಿಂದ ಕೈ ಜಾರಿದರೆ ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ. ಅಪ್ಪಳಿಸುವ ಹೊತ್ತಿಗೆ ವೇಗ ಗಂಟೆಗೆ 60 ಕಿ.ಮೀ. ದಾಟಿರುತ್ತದೆ.

ಆ ಪೆಟ್ಟು ಬೆನ್ನುಹುರಿಗೆ ತಗಲಿದರೆ ಏನು ಹೋಗುತ್ತದೆ? ಬೆನ್ನುಹುರಿಯ ಉದ್ದ ಸುಮಾರು 45 ಸೆಂ.ಮೀ., ದಪ್ಪ ಕಿರುಬೆರಳಿನಷ್ಟು, ತೂಕ 35 ಗ್ರಾಂ ಆಸುಪಾಸು. ‘ನಡೆ’, ‘ಹಿಡಿ’, ‘ಬಿಡು’ ಎಂದು ಮಿದುಳು ಕೊಡುವ ಅಪ್ಪಣೆಯನ್ನು ಕೆಳಗೆ ಒಯ್ಯುವ ಮುಖ್ಯ ನರಮಾರ್ಗವೊಂದರಲ್ಲೇ ಎಡ ಬಲ ಸೇರಿ ಸುಮಾರು 20 ಲಕ್ಷ ಎಳೆಗಳಿವೆ. ಅವು ತುಂಡಾದರೆ ಮತ್ತೆ ಕೂಡಿಕೊಳ್ಳುವುದಿಲ್ಲ. ಆದರೆ ಮೇಲೆ ಕುಳಿತ ಮಿದುಳಿಗೆ ಏನೂ ಆಗಿರುವುದಿಲ್ಲ. ವರ್ಷಗಳು ಕಳೆದರೂ ಅದು ಕೈಗೆ, ಕಾಲಿಗೆ ಅಪ್ಪಣೆ ಕೊಡುತ್ತಲೇ ಇರುತ್ತದೆ. ಕೇಳಿಸಿಕೊಳ್ಳುವವರಿಲ್ಲ, ಅಷ್ಟೆ.

ಆ ಅಪ್ಪಣೆಯನ್ನು ನಡುವೆಯೇ ಕೇಳಿಸಿಕೊಂಡು ಕಂಪ್ಯೂಟರಿಗೆ ಮುಟ್ಟಿಸಬಹುದೇ ಎಂಬ ಪ್ರಯತ್ನವೇ ಮಿದುಳಿನ ಚಿಪ್. 2004ರಲ್ಲಿ ಅಮೆರಿಕದ ಮ್ಯಾಥ್ಯೂ ನೇಗಲ್ ಎಂಬ ಯುವಕನ ಮಿದುಳಿಗೆ ಕೂರಿಸಿದ ಚಿಪ್ 4 ಮಿ.ಮೀ. ಉದ್ದ, 4 ಮಿ.ಮೀ. ಅಗಲ. ಅದರ ತುಂಬ ಮಿಲಿಮೀಟರಿನಷ್ಟು ಉದ್ದದ ಸೂಜಿಗಳು. ಸುದ್ದಿ ಹಿಡಿಯುವವು 96. ನರಕೋಶವೊಂದು ಮಿಡಿದಾಗ ಆ ಸೂಜಿಗೆ ಸಿಗುವುದು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲು, ಅದೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅಷ್ಟರಲ್ಲೇ ಅವನು ಪರದೆಯ ಮೇಲಿನ ಗುರುತನ್ನು ಬರೀ ಯೋಚನೆಯಿಂದ ಸರಿಸಿದ.

2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ನೋಲಂಡ್ ಆರ್ಬಾ ಎಂಬವರಿಗೆ ಹಾಕಿದ ಚಿಪ್‌ನಲ್ಲಿ ಕೂದಲಿಗಿಂತ ತೆಳುವಾದ 64 ಎಳೆಗಳು, ಅವುಗಳ ಮೇಲೆ 1,024 ಎಲೆಕ್ಟ್ರೋಡುಗಳು. ಮನುಷ್ಯನ ಕೈಗೆ ನಿಲುಕದ ಕೆಲಸವಾದ್ದರಿಂದ ಎಳೆಗಳನ್ನು ನಾಟಿದ್ದು ರೋಬೋಟ್.

1,024 ದೊಡ್ಡ ಸಂಖ್ಯೆ ಅನಿಸಿದರೆ ಒಮ್ಮೆ ಮೂಡುಬಿದಿರೆಗೆ ಬನ್ನಿ. 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿಯ ಒಂದೊಂದು ಕಂಬವನ್ನು ಒಂದೊಂದು ಎಲೆಕ್ಟ್ರೋಡ್ ಎಂದುಕೊಳ್ಳಿ. ಆ ಚಿಪ್ ಎಂದರೆ ಈ ಬಸದಿ, ಮೇಲೆ ಇಪ್ಪತ್ತನಾಲ್ಕು ಕಂಬ. ಇನ್ನು ಕಂಬಗಳನ್ನೇ ನರಕೋಶಗಳೆಂದು ಎಣಿಸಿದರೆ? ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಅಷ್ಟು ಕಂಬ ನಿಲ್ಲಿಸಲು ಇಂಥ 8.6 ಕೋಟಿ ಬಸದಿಗಳು ಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿದ್ದವರು 6.11 ಕೋಟಿ. ತಲೆಗೊಂದು ಬಸದಿ ಹಂಚಿದರೂ ಎರಡೂವರೆ ಕೋಟಿ ಬಸದಿಗಳು ಮಿಗುತ್ತವೆ!

ನನ್ನನ್ನು ಬೆರಗಾಗಿಸುವುದು ಎಲೆಕ್ಟ್ರೋಡುಗಳ ಸಂಖ್ಯೆಯಲ್ಲ, ಇಷ್ಟು ಕಡಿಮೆ ಕೇಳಿಸಿಕೊಂಡು ಇಷ್ಟು ಅರ್ಥ ಮಾಡಿಕೊಳ್ಳಲು ಸಾಧ್ಯವಾದದ್ದು. ಪಾರ್ಶ್ವವಾಯುವಿನಿಂದ ಸುಮಾರು 15 ವರ್ಷ ಕೈಕಾಲು ಆಡದಿದ್ದ ಕ್ಯಾಥಿ ಹಚಿನ್ಸನ್ 96 ಸೂಜಿಗಳ ನೆರವಿನಿಂದ ರೋಬೋಟ್ ತೋಳನ್ನು ಬಳಿಗೆ ತರಿಸಿ, ಯಾರ ಸಹಾಯವೂ ಇಲ್ಲದೆ ಕಾಫಿ ಕುಡಿದರು. ಆ ಗುಟುಕಿನ ಬಳಿಕ ಅವರ ಮುಖದಲ್ಲಿ ಅರಳಿದ ನಗು ವಿಡಿಯೋದಲ್ಲಿದೆ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದ ಒಬ್ಬರಿಗೆ, ಪೆನ್ನು ಹಿಡಿದು ಬರೆಯುತ್ತಿದ್ದೇನೆ ಎಂದುಕೊಳ್ಳಿ ಎಂದರು. ಅವರು ಮನಸ್ಸಿನಲ್ಲೇ ಗೀಚಿದ ಅಕ್ಷರಗಳು ನಿಮಿಷಕ್ಕೆ 90ರಂತೆ ಪರದೆಗೆ ಬಂದವು. 2023ರಲ್ಲಿ ಇನ್ನೊಬ್ಬರ ಆಡಲಾಗದ ಮಾತು ನಿಮಿಷಕ್ಕೆ 62 ಪದಗಳಂತೆ ಹೊರಟಿತು. ಅದೆಲ್ಲ ಇಂಗ್ಲಿಷಿನಲ್ಲಿ. ಒತ್ತು, ದೀರ್ಘಗಳಿರುವ ನಮ್ಮ ಲಿಪಿಗೆ, ತುಳು ಆಡುವ ನಾಲಗೆಗೆ ಈ ಪಾಠವನ್ನು ಹೊಸದಾಗಿಯೇ ಕಲಿಸಬೇಕು. ಅದನ್ನು ನಾವೇ ಮಾಡಬೇಕು.

ಹೀಗಿದ್ದರೂ ಚಿಪ್ ಬಂತೆಂದರೆ ಎಲ್ಲ ಸರಿಹೋಯಿತು ಎಂದಲ್ಲ. ಆರ್ಬಾ ಅವರ ಮಿದುಳಿನಿಂದ ಕೆಲವೇ ವಾರಗಳಲ್ಲಿ ಬಹುಪಾಲು ಎಳೆಗಳು ಹಿಂದೆ ಸರಿದಿದ್ದವು. ಉಳಿದವುಗಳಿಂದಲೇ ಕೆಲಸ ತೆಗೆಯುವಂತೆ ತಂತ್ರಾಂಶವನ್ನು ತಿದ್ದಬೇಕಾಯಿತು.

ಬೆಳ್ತಂಗಡಿ ತಾಲೂಕಿನ ಕೊಕ್ಕಡ ಬಳಿಯ ಸೌತಡ್ಕದಲ್ಲಿ ಸೇವಾಭಾರತಿಯವರ ‘ಸೇವಾಧಾಮ’ ಇದೆ. ಬೆನ್ನುಹುರಿಗೆ ಪೆಟ್ಟಾದವರು ಗಾಲಿಕುರ್ಚಿಯಲ್ಲಿ ಮತ್ತೆ ಬದುಕು ಕಟ್ಟಿಕೊಳ್ಳಲು ಕಲಿಯುವ ಪುನಶ್ಚೇತನ ಕೇಂದ್ರ ಅದು. ಇಂಥವರನ್ನು ನೋಡಿಕೊಳ್ಳುವ ಮನೆಯವರಿಗೆ ಗೊತ್ತಿರುವ ಲೆಕ್ಕವೇ ಬೇರೆ. ಮಲಗಿದಲ್ಲೇ ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು: ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ಅದರಲ್ಲಿ ಮೂರರಲ್ಲೊಂದು ಪಾಲಾದರೂ ರಾತ್ರಿ ನಿದ್ದೆಗೆಟ್ಟು ಮಾಡುವಂಥದ್ದು. ತಾಯಿಯೋ ಹೆಂಡತಿಯೋ ಮಾಡುವ ಈ ಕೆಲಸವನ್ನು ಯಾವ ಚಿಪ್ಪೂ ಇನ್ನೂ ಕೈಗೆತ್ತಿಕೊಂಡಿಲ್ಲ. 20 ಲಕ್ಷ ಎಳೆಗಳ ಜಾಗಕ್ಕೆ ಒಂದು ಸಾವಿರ ಎಲೆಕ್ಟ್ರೋಡು ಎಷ್ಟೆಂದು ದುಡಿದೀತು?

ಆದ್ದರಿಂದ ತೋಟದವರಲ್ಲಿ ನನ್ನ ವಿನಂತಿ ಇಷ್ಟು. ಆದಷ್ಟೂ ಕಾರ್ಬನ್ ಫೈಬರ್ ದೋಟಿ ಬಳಸಿ, ನೆಲದಲ್ಲಿ ನಿಂತೇ ಕೊಯ್ಲು, ಸಿಂಪಡಣೆ ಮಾಡಿಸಿ. ಮರ ಏರಲೇಬೇಕಾದವರಿಗೆ ಸೊಂಟಪಟ್ಟಿ, ವಿಮೆ ಎರಡೂ ಇರಲಿ. ಹಾಗಿದ್ದೂ ಯಾರಾದರೂ ಬಿದ್ದರೆ ಗಾಬರಿಯಲ್ಲಿ ಕೈಕಾಲು ಹಿಡಿದೆತ್ತಿ ರಿಕ್ಷಾದೊಳಗೆ ಕೂರಿಸಬೇಡಿ; ಅರ್ಧ ಉಳಿದ ಬೆನ್ನುಹುರಿಯೂ ಆ ಎತ್ತುವಿಕೆಯಲ್ಲಿ ತುಂಡಾಗಬಹುದು. ಬಿದ್ದವರನ್ನು ಬಿದ್ದಲ್ಲೇ ಇರಿಸಿ, ತಲೆ ಮತ್ತು ಕುತ್ತಿಗೆ ಅಲುಗದಂತೆ ಎರಡೂ ಕಡೆಯಿಂದ ಹಿಡಿದುಕೊಂಡು, 108ಕ್ಕೆ ಕರೆ ಮಾಡಿ.