ನೀರು ಹಿಡಿದಿಡುವ ವಾಲ್ವ್, ನೀರು ಬಿಟ್ಟುಕೊಡುವ ವಾಲ್ವ್

ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟದವರಿಗೆ ಫುಟ್ ವಾಲ್ವಿನ ಕಷ್ಟ ಹೇಳಿಕೊಡಬೇಕಾಗಿಲ್ಲ. ಕೆರೆಗೆ ಇಳಿಬಿಟ್ಟ ಪೈಪಿನ ಬುಡದಲ್ಲಿದ್ದು, ಪಂಪು ನಿಂತ ಮೇಲೆ ನೀರು ಕೆಳಗಿಳಿಯದಂತೆ ಹಿಡಿದಿಡುವುದು ಅದರ ಕೆಲಸ. ಬಾಯಿಯಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೂ ಸಾಕು, ರಾತ್ರಿ ಕಳೆಯುವಷ್ಟರಲ್ಲಿ ಪೈಪು ಬರಿದಾಗಿ ಬೆಳಿಗ್ಗೆ ಪಂಪು ಬರೀ ಗಾಳಿ ಎಳೆಯುತ್ತದೆ. ಮತ್ತೆ ಕೊಡದಲ್ಲಿ ನೀರು ಹೊಯ್ಯಬೇಕು.

ನಮ್ಮೂರ ಮಕ್ಕಳು ಕೆಲಸಕ್ಕೆಂದು ಹೋಗುವ ಚಿಕಾಗೋದಂಥ ಚಳಿಯ ಊರುಗಳಲ್ಲಿ ಬೀದಿಬದಿಗೊಂದು ಫೈರ್ ಹೈಡ್ರಂಟ್ ಇರುತ್ತದೆ. ಅದರ ಕತೆ ಇದಕ್ಕೆ ಪೂರಾ ಉಲ್ಟಾ. ಆ ಎರಕದ ಕಬ್ಬಿಣದ ಕಂಬದೊಳಗೆ ನೀರು ನಿಲ್ಲಲೇಬಾರದು.

ಹೆಪ್ಪುಗಟ್ಟುವಾಗ ನೀರು ಸುಮಾರು 9 ಶೇಕಡಾ ಹಿಗ್ಗುತ್ತದೆ. ಒಂದು ಕಡೆ ಮಂಜುಗಡ್ಡೆ ಬಿರಡೆಯಂತೆ ಕೂತು, ಇನ್ನೊಂದು ಕಡೆ ವಾಲ್ವ್ ಮುಚ್ಚಿದ್ದರೆ ನಡುವೆ ಸಿಕ್ಕಿದ ನೀರಿಗೆ ಹೋಗಲು ಜಾಗವಿಲ್ಲ; ಒತ್ತಡ ಏರಿ ಕಬ್ಬಿಣವೂ ಸೀಳುತ್ತದೆ.

ಚಿಕಾಗೋದಲ್ಲಿ ಕಟ್ಟಡದ ಪಾಯವನ್ನು ಕನಿಷ್ಠ 42 ಇಂಚು ಆಳಕ್ಕೆ ಒಯ್ಯಬೇಕು, ಮಣ್ಣು ಅಷ್ಟರವರೆಗೂ ಹೆಪ್ಪುಗಟ್ಟಬಹುದೆಂದು. ಹೈಡ್ರಂಟಿನ ನಿಜವಾದ ವಾಲ್ವ್ ಇರುವುದು ಆ ಚಳಿ ತಲುಪದ ಆಳದಲ್ಲಿ. ಮೇಲೆ ಕಾಣುವುದು ಬರೀ ಕೊಳವೆ, ಅದರ ನಡುವೆ ಉದ್ದದ ಒಂದು ಸರಳು. ನೆತ್ತಿಯ ಐದು ಮೂಲೆಯ ನಟ್ಟು ತಿರುಗಿಸಿದರೆ ಸರಳು ಕೆಳಗಿಳಿದು ವಾಲ್ವನ್ನು ತಳ್ಳುತ್ತದೆ, ನೀರು ಏರುತ್ತದೆ. ಮುಚ್ಚಿದ ಕೂಡಲೇ ಬುಡದ ಸಣ್ಣ ತೂತು ತೆರೆದುಕೊಂಡು, ಕಂಬದಲ್ಲಿ ಉಳಿದ ನೀರು ಸುತ್ತ ತುಂಬಿಸಿದ ಜಲ್ಲಿಗೆ ಇಳಿದುಹೋಗುತ್ತದೆ. ಅರ್ಧ ತೆರೆದು ಬಿಟ್ಟರೆ ಈ ತೂತು ಸರಿಯಾಗಿ ಮುಚ್ಚದೆ, ನುಗ್ಗುವ ನೀರು ಬುಡದ ಮಣ್ಣನ್ನೇ ಕೊರೆದೀತು. ಅದಕ್ಕೇ ಅಗ್ನಿಶಾಮಕದವರು ಅದನ್ನು ಪೂರ್ತಿ ತೆರೆಯುತ್ತಾರೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ. ಸಾಮಾನ್ಯವಾಗಿ ಈ ವಾಲ್ವ್ ನೀರಿನ ಒತ್ತಡಕ್ಕೆ ಎದುರಾಗಿ ತೆರೆಯುತ್ತದೆ; ಹಾಗಾಗಿ ಅದನ್ನು ಮುಚ್ಚಿ ಹಿಡಿಯುವುದಕ್ಕೆ ನೀರೇ ನೆರವಾಗುತ್ತದೆ. ಕಾರು ಗುದ್ದಿ ಕಂಬ ಮುರಿದರೂ ರಸ್ತೆಯಲ್ಲಿ ಕಾರಂಜಿ ಏಳುವುದಿಲ್ಲ. ಬೆಚ್ಚಗಿನ ಕ್ಯಾಲಿಫೋರ್ನಿಯಾದಲ್ಲಿ ಈ ಏರ್ಪಾಡೇ ಬೇಡ. ಅಲ್ಲಿ ಹೆಚ್ಚಿನ ಹೈಡ್ರಂಟುಗಳ ಬಾಯಿಯವರೆಗೂ ನೀರಿರುತ್ತದೆ.

ಚಳಿಯ ಊರಿನ ಈ ಹೈಡ್ರಂಟನ್ನು ಸುಳ್ಯದಲ್ಲಿ ನೆಟ್ಟರೆ? ಆಟಿ ತಿಂಗಳಲ್ಲಿ ಬಾವಿ ನೀರು ಕೈಗೆಟುಕುವಷ್ಟು ಮೇಲೆ ಬಂದಿರುತ್ತದೆ. ಆಗ ತೂತಿನಿಂದ ನೀರು ಹೊರಹೋಗುವ ಬದಲು ಒಳಗೇ ಬರುತ್ತದೆ. ಚಳಿಯ ದೇಶಗಳಲ್ಲೂ ಅಂಥ ಒಸರು ನೆಲವಿದೆ. ಅಲ್ಲಿ ತೂತು ಮುಚ್ಚಿಬಿಟ್ಟು, ಬಳಸಿದ ಮೇಲೆ ಪ್ರತಿ ಸಲವೂ ಪಂಪಿಟ್ಟು ನೀರು ಹೀರಿ ತೆಗೆಯುತ್ತಾರೆ. ಚಳಿಗಾಲಕ್ಕೆ ಮೊದಲು ದಾರಕ್ಕೊಂದು ಭಾರ ಕಟ್ಟಿ ಕಂಬದೊಳಗೆ ಇಳಿಸಿ ನೋಡುವುದೂ ಉಂಟು. ಎಪ್ರಿಲ್‌ನಲ್ಲಿ ನಾವು ಬಾವಿಗೆ ಹಗ್ಗ ಇಳಿಬಿಡುವ ಹಾಗೆಯೇ. ಆದರೆ ಮೇಲೆ ಬಂದ ದಾರ ಒಣಗಿದ್ದರೆ ಅವರಿಗೆ ನೆಮ್ಮದಿ.