ತಂಬೂರಿ ಕೇಳಲು ಎಷ್ಟು ವೋಲ್ಟ್ ಬೇಕು?

ಮುಂಬಯಿಯ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸುಮಾರು 48 ಕಿಲೋಮೀಟರ್. ಹೋಗಿಬರಲು ದಿನಕ್ಕೆ ಎರಡೂವರೆ ಗಂಟೆ ಹಿಡಿದರೆ, ತಿಂಗಳ 25 ದಿನಕ್ಕೆ 62.5 ಗಂಟೆ. ಕಲ್ಯಾಣದವರಿಗೆ ಇನ್ನೂ ಸ್ವಲ್ಪ ಹೆಚ್ಚು, ಥಾಣೆಯವರಿಗೆ ಕಡಿಮೆ. ಇಲ್ಲಿನ ಕನ್ನಡಿಗರಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನೋ ಗಂಗೂಬಾಯಿ ಹಾನಗಲ್ ಅವರನ್ನೋ ಮನಸಾರೆ ಕೇಳಬೇಕೆನ್ನುವವರಿಗೆ ಸಿಗುವ ದೊಡ್ಡ ಬಿಡುವು ಈ ಲೋಕಲ್ ಪಯಣವೇ. ಅದಕ್ಕೇ ಡ್ಯಾಕ್ ಕೊಳ್ಳಲೇ, ಆಂಪ್ ಕೊಳ್ಳಲೇ ಎಂಬ ಪ್ರಶ್ನೆ ಬರುತ್ತದೆ. ದುಡ್ಡು ತೆಗೆಯುವ ಮೊದಲು ಒಂದು ಲೆಕ್ಕ ಮಾಡಿನೋಡಿ.

ಬೋಗಿಯೊಳಗಿನ ಗದ್ದಲ 80 ಡೆಸಿಬೆಲ್ ಎಂದಿಟ್ಟುಕೊಳ್ಳೋಣ. ಗಾಯಕರ ತುಂಬುಕಂಠದ ತಾನಕ್ಕಿಂತ ಹಿಂದಿನ ತಂಬೂರಿ 30 ಡೆಸಿಬೆಲ್ ಕೆಳಗಿದೆ ಎನ್ನೋಣ. ತಂಬೂರಿ ಗದ್ದಲದ ಮಟ್ಟಕ್ಕೆ ಬರಬೇಕಾದರೆ ದನಿ 110ಕ್ಕೆ ಏರಬೇಕು. ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. 110ಕ್ಕೆ ಉಳಿಯುವುದು ಸುಮಾರು ಒಂದೂವರೆ ನಿಮಿಷ. ಡೊಂಬಿವಲಿ ಬಿಟ್ಟ ಸ್ಲೋ ಗಾಡಿ ಕೋಪರ್ ತಲುಪುವುದರೊಳಗೆ ಕಿವಿಯ ಆ ದಿನದ ಪಾಲು ಮುಗಿದಿರುತ್ತದೆ.

ಈಗ ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್ ಹಾಕಿ. ಹೊರಗಿನ ಸದ್ದು 25 ಡೆಸಿಬೆಲ್ ತಗ್ಗಿತೆನ್ನಿ: ಗದ್ದಲ 55, ತಂಬೂರಿ 55, ದನಿ 85. ಒಂದೂವರೆ ನಿಮಿಷವಿದ್ದದ್ದು ಎಂಟು ಗಂಟೆಯಾಯಿತು. ಈ 25 ಡೆಸಿಬೆಲನ್ನು ಯಾವ ಡ್ಯಾಕೂ ಕೊಡಲಾರದು. ಕೊಡುವುದು ತುದಿಯ ರಬ್ಬರ್ ಅಥವಾ ಫೋಮ್ ತುಂಡು. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಗಳನ್ನೂ ಹಾಕಿನೋಡದೆ ಮಧ್ಯದ್ದನ್ನೇ ವರ್ಷಗಟ್ಟಲೆ ಬಳಸುವವರು ಬಹಳ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಬೇಕಾಗುವುದೂ ಉಂಟು.

ಡ್ಯಾಕ್ ಎಂದರೆ ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಚಿಪ್. ಸಿ.ಡಿ.ಯ 16 ಬಿಟ್‌ಗೆ ಮೆಲುದನಿಯಿಂದ ಏರುದನಿಯವರೆಗಿನ ಹರವು 96 ಡೆಸಿಬೆಲ್. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ರಾತ್ರಿಯ ಮಿತಿ 45 ಡೆಸಿಬೆಲ್. ನೆರೂಳದ ಮನೆಯೊಂದರಲ್ಲಿ ರಾತ್ರಿ ಅಷ್ಟೇ ಸದ್ದಿದ್ದು, 96ರ ಹರವನ್ನೂ ಪೂರ್ತಿ ಅದರ ಮೇಲೆ ಕೇಳಬೇಕೆಂದರೆ ದನಿ 141 ಮುಟ್ಟಬೇಕು. ಅದು ಕಿವಿ ನೋಯುವ ಮಟ್ಟಕ್ಕಿಂತ ಬಹಳ ಮೇಲೆ. ಇನ್ನು ಹಳೆಯ ಕ್ಯಾಸೆಟ್‌ಗಳ ಹರವೇ 55ರ ಆಸುಪಾಸು. ಅವನ್ನು ಕೇಳಲು 24 ಬಿಟ್, 32 ಬಿಟ್ ಎಂದು ಹೆಚ್ಚು ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ.

ಆ ಅಲೆಗೆ ಹೆಡ್‌ಫೋನ್ ನಡೆಸುವಷ್ಟು ಬಲ ತುಂಬುವ ಆಂಪಿನ ಮಾತು ಬೇರೆ. ಅಲ್ಲಿ ನಿಜವಾಗಿಯೂ ವ್ಯತ್ಯಾಸವಿದೆ. ಏರುದನಿಯ ಕ್ಷಣಕ್ಕೆ 110 ಡೆಸಿಬೆಲ್ ಸಿಗುವಷ್ಟು ಶಕ್ತಿ ಬೇಕೆನ್ನೋಣ. ಆಡಿಯೋ ಟೆಕ್ನಿಕಾದ ಎಂ50ಎಕ್ಸ್ 38 ಓಮ್‌ನದು, 1 ಮಿಲಿವ್ಯಾಟ್‌ಗೆ 99 ಡೆಸಿಬೆಲ್. ಅದಕ್ಕೆ ಬೇಕಾದದ್ದು 12.6 ಮಿಲಿವ್ಯಾಟ್, ಅಂದರೆ 0.7 ವೋಲ್ಟ್. ಸುಮಾರು 1 ವೋಲ್ಟ್ ಕೊಡುವ, ಬೆರಳುದ್ದದ ಟೈಪ್-ಸಿ ಅಡಾಪ್ಟರ್ ಧಾರಾಳವಾಗಿ ಸಾಕು. ಸೆನ್‌ಹೈಸರ್ ಎಚ್‌ಡಿ 650 ಹಾಗಲ್ಲ: 300 ಓಮ್, 1 ವೋಲ್ಟ್‌ಗೆ 103 ಡೆಸಿಬೆಲ್. ಉಳಿದ 7 ಡೆಸಿಬೆಲ್‌ಗೆ 2.24 ವೋಲ್ಟ್ ಬೇಕು. ಇದಕ್ಕೆ ಆಂಪ್ ಕೊಳ್ಳಿ. ಆದರೆ ಇದು ಬೆನ್ನು ತೆರೆದ ಹೆಡ್‌ಫೋನ್, ಹೊರಗಿನ ಸದ್ದನ್ನು ತಡೆಯುವುದಿಲ್ಲ. ಮನೆಗೆ ಸರಿ, ರೈಲಿಗೆ ಸಲ್ಲ. ಆಂಪಿನ ಒಳತಡೆ (ಔಟ್‌ಪುಟ್ ಇಂಪೀಡೆನ್ಸ್) ಹೆಡ್‌ಫೋನಿನ ಓಮ್‌ನ ಎಂಟನೇ ಒಂದಂಶ ಮೀರದಿರಲಿ. 38 ಓಮ್‌ನದ್ದಕ್ಕೆ 5ಕ್ಕಿಂತ ಕಡಿಮೆ. ಅಂಗಡಿಯಲ್ಲಿ ಕೇಳಬೇಕಾದ ಅಂಕಿ ಇದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ.

ಬ್ಲೂಟೂತ್ ಆದರೆ ಹಾಡು ಎಷ್ಟೇ ದೊಡ್ಡ ಫೈಲಾಗಿರಲಿ, ಎಸ್‌ಬಿಸಿ ಎಂಬ ಸಂಕುಚನ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ಗೆ ಇಳಿದೇ ಕಿವಿ ಸೇರುತ್ತದೆ. ತಂತಿಯಲ್ಲಿ ಸಿ.ಡಿ.ಯ 1411 ಕಿಲೋಬಿಟ್ ಪೂರ್ತಿ ಬರುತ್ತದೆ. ಅದಕ್ಕೆ ಗಂಟೆಗೆ 635 ಎಂಬಿ, ತಿಂಗಳ 62.5 ಗಂಟೆಗೆ ಸುಮಾರು 40 ಜಿಬಿ. 320 ಕಿಲೋಬಿಟ್‌ನ ಫೈಲಿಗೆ 9 ಜಿಬಿ ಸಾಕು. ಮನೆಯ ವೈಫೈಯಲ್ಲಿ ರಾತ್ರಿಯೇ ಇಳಿಸಿಕೊಂಡರೆ ಫೋನಿನ ಡೇಟಾ ಉಳಿಯುತ್ತದೆ.

ಹತ್ತು ಸಾವಿರ ರೂಪಾಯಿ ಕೈಯಲ್ಲಿದ್ದರೆ ನಾನು 7,500ನ್ನು ಇಯರ್‌ಫೋನಿಗೆ ಅಥವಾ ಹೆಡ್‌ಫೋನಿಗೆ, 2,000ವನ್ನು ಟೈಪ್-ಸಿ ಅಡಾಪ್ಟರಿನಂಥ ಪುಟ್ಟ ಡ್ಯಾಕಿಗೆ, 500ನ್ನು ಫೋಮ್ ತುದಿಗಳಿಗೆ ಎತ್ತಿಡುತ್ತೇನೆ.

ಖರ್ಚಿಲ್ಲದ ಒಂದು ಪರೀಕ್ಷೆ ಉಳಿದಿದೆ. ಲ್ಯಾಪ್‌ಟಾಪಿಗೆ ಆಂಪ್ ಜೋಡಿಸಿದಾಗ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು ಕೇಳಿದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಅದು ಮನೆಯ ಕರೆಂಟಿನ 50 ಹರ್ಟ್ಸ್ ಅಥವಾ ಚಾರ್ಜರಿನ ಗಲೀಜು. ಹಳೆಯ ಬಿಲ್ಡಿಂಗ್ ಆದರೆ ಸಾಕೆಟ್ಟಿನ ಮೂರನೇ ತೂತಿಗೆ ಅರ್ತಿಂಗ್ ತಂತಿ ಬಂದಿದೆಯೇ ಎಂದು ವೈರ್‌ಮನ್ ಕರೆಸಿ ನೋಡಿಸಿ. ಬ್ಯಾಟರಿಯಲ್ಲೂ ಗುಂಯ್ ಉಳಿದು, ಬೇರೆ ಹಾಡು ಹಾಕಿದೊಡನೆ ಮಾಯವಾದರೆ ಯಂತ್ರದಲ್ಲಿ ತಪ್ಪಿಲ್ಲ. ಅದು ಬಹುಶಃ ಕಛೇರಿ ನಡೆದ ದಿನವೇ ಆ ಸಭಾಂಗಣದ ಮೈಕಿನಿಂದ ಟೇಪಿಗಿಳಿದ ಸದ್ದು.