ಗೋಖಲೆ ಸೇತುವೆ: ನಡೆಯುವವನ ಲೆಕ್ಕ ಯಾರ ಖಾತೆಗೆ?

ಅಂಧೇರಿ ಪೂರ್ವದಲ್ಲಿ ಮನೆ, ಪಶ್ಚಿಮದಲ್ಲಿ ಬ್ಯಾಂಕು. ನಡುವೆ ಪಶ್ಚಿಮ ರೈಲ್ವೆಯ ಹಳಿಗಳು. ನನ್ನಂಥ ಎಷ್ಟೋ ತುಳು-ಕನ್ನಡಿಗರು ನಿತ್ಯ ನಂಬಿಕೊಂಡಿರುವುದು ಗೋಪಾಲಕೃಷ್ಣ ಗೋಖಲೆ ಸೇತುವೆಯನ್ನು. 2022ರ ನವೆಂಬರ್ 7ರಂದು ಮುಚ್ಚಿದ ಈ ಸೇತುವೆ ಪೂರ್ಣವಾಗಿ ತೆರೆದದ್ದು 2025ರ ಮೇ 11ರಂದು. ಅಲ್ಲಿಯವರೆಗೆ ಮಳೆ ಬಂದರೆ ಮುಳುಗುವ ಅಂಧೇರಿ ಸಬ್‌ವೇ, ಇಲ್ಲವೇ ವಿಲೇಪಾರ್ಲೆಯನ್ನೋ ಜೋಗೇಶ್ವರಿಯನ್ನೋ ಸುತ್ತುವ ರಿಕ್ಷಾ. ಸಂಘದ ಕಾರ್ಯಕ್ರಮಕ್ಕೆ ಹಿರಿಯರನ್ನು ಕರೆತರುವುದೇ ಒಂದು ಸಾಹಸವಾಗಿತ್ತು.

ಆದರೆ ಸೇತುವೆಯ ಕಾಯಿಲೆ ಬಯಲಾದದ್ದು ಅದಕ್ಕೂ ಮೊದಲು. 2018ರ ಜುಲೈ 3, ಬೆಳಿಗ್ಗೆ ಸುಮಾರು ಏಳೂವರೆ. ರಾತ್ರಿಯಿಡೀ ಮಳೆ ಸುರಿದಿತ್ತು. ಸೇತುವೆಯ ಪಾದಚಾರಿ ಭಾಗ ಕಳಚಿ ಹಳಿಗಳ ಮೇಲೆ ಬಿತ್ತು. ಚರ್ಚ್‌ಗೇಟ್ ಕಡೆಗೆ ಬರುತ್ತಿದ್ದ ಲೋಕಲನ್ನು ಮೋಟಾರ್‌ಮ್ಯಾನ್ ಚಂದ್ರಶೇಖರ್ ಸಾವಂತ್ ತುರ್ತು ಬ್ರೇಕ್ ಹಾಕಿ ನಿಲ್ಲಿಸಿದರು. ಇಲ್ಲದಿದ್ದರೆ ಅಂದಿನ ಅನಾಹುತ ಊಹಿಸಲಾಗದು. ಗಾಯಗೊಂಡವರಲ್ಲಿ ಇಬ್ಬರು ಮುಂದೆ ಕೊನೆಯುಸಿರೆಳೆದರು.

ಗಮನಿಸಿ, ವಾಹನ ಓಡುವ ರಸ್ತೆ ಬೀಳಲಿಲ್ಲ, ಜನ ನಡೆಯುವ ದಾರಿ ಬಿತ್ತು. ಹಳೆಯ ಚಾಳಿನ ಗ್ಯಾಲರಿಯಂತೆ ಅದು ಮುಖ್ಯ ಸೇತುವೆಯ ಬದಿಯಿಂದ ಹೊರಚಾಚಿ, ಕಬ್ಬಿಣದ ಬ್ರಾಕೆಟ್‌ಗಳ ಮೇಲೆ ನಿಂತಿತ್ತು. ಬ್ರಾಕೆಟ್‌ಗಳಿಗೆ ತುಕ್ಕು ಹಿಡಿದಿತ್ತು. ಮೇಲಿನಿಂದ ಮರಳು, ಪೇವರ್ ಬ್ಲಾಕ್, ಕೇಬಲ್‌ಗಳ ಹೊರೆ. ಗ್ಯಾಲರಿಯಲ್ಲಿ ನಾಲ್ಕು ಕಪಾಟು ಇಟ್ಟರೆ ಚಾಳಿನ ಮಾಲಕ ಬೊಬ್ಬೆ ಹಾಕುತ್ತಾನೆ. ಇಲ್ಲಿ ಬೊಬ್ಬೆ ಹಾಕುವವರೇ ಇರಲಿಲ್ಲ. ಬಿದ್ದ ಮೇಲೆ ನಿರ್ವಹಣೆ ತಮ್ಮದಲ್ಲವೆಂದು ರೈಲ್ವೆಯೂ ಪಾಲಿಕೆಯೂ ಪರಸ್ಪರ ಬೆರಳು ತೋರಿಸಿದವು. ಹಳಿಯ ಮೇಲಿನ ಭಾಗದ ಕೆಲಸ ರೈಲ್ವೆಯದ್ದು, ಹಣ ಪಾಲಿಕೆಯದ್ದು, ಎರಡೂ ಬದಿಯ ಇಳಿಜಾರು ರಸ್ತೆ ಮತ್ತೆ ಪಾಲಿಕೆಯದ್ದು. ಇಬ್ಬರೂ ಸೇರಿಯೇ ನಡೆಸಬೇಕಾದ ಜಂಟಿ ಖಾತೆಯಲ್ಲಿ ಇಬ್ಬರೂ ಸಹಿ ಹಾಕದೆ ಚೆಕ್ ಪಾಸಾಗದು ಎಂಬುದು ಕೌಂಟರಿನಲ್ಲಿ ಕುಳಿತ ನನಗೆ ಗೊತ್ತು.

ಹೊಸ ಸೇತುವೆಯ ವಿನ್ಯಾಸದಲ್ಲೂ ಇದೇ ಕತೆ. ಅಂಬಾಲಾದಲ್ಲಿ ತಯಾರಾದ ಭಾರೀ ಉಕ್ಕಿನ ಗರ್ಡರ್‌ಗಳು ಬಂದವು, 2024ರ ಫೆಬ್ರವರಿ 26ರಂದು ಒಂದು ಬದಿ ತೆರೆಯಿತು. ನೋಡಿದರೆ ಜುಹೂ ಕಡೆಯ ಬರ್ಫೀವಾಲಾ ಫ್ಲೈಓವರ್ ಕೆಳಗೆ, ಗೋಖಲೆ ಸೇತುವೆ ಮೇಲೆ! ಹಳಿಯ ಮೇಲೆ ಹೆಚ್ಚು ಎತ್ತರ ಬಿಡಬೇಕೆಂಬ ರೈಲ್ವೆಯ ನಿಯಮಕ್ಕೆ ತಕ್ಕಂತೆ ಹೊಸದನ್ನು ಏರಿಸಿದ್ದರು, ಕೂಡಬೇಕಾದ ಹಳೆಯದು ಇದ್ದಲ್ಲೇ ಇತ್ತು. ಊರೆಲ್ಲ ನಕ್ಕಿತು. ಆದರೂ ಮೆಚ್ಚಬೇಕಾದ್ದನ್ನು ಮೆಚ್ಚೋಣ. ವಿ.ಜೆ.ಟಿ.ಐ. ತಜ್ಞರ ಸಲಹೆಯಂತೆ ಫ್ಲೈಓವರನ್ನು ಒಡೆಯದೆ ಜ್ಯಾಕ್ ಕೊಟ್ಟು ಒಂದು ಬದಿ 1,397 ಮಿ.ಮೀ., ಇನ್ನೊಂದು ಬದಿ 650 ಮಿ.ಮೀ. ಎತ್ತಿದರು. 2024ರ ಜುಲೈ 4ರಂದು ಜುಹೂವಿನಿಂದ ಬರುವ ವಾಹನಗಳು ಅದರ ಮೇಲೆ ಓಡಿದವು.

ಗೋಖಲೆ ಒಂದೇ ಅಲ್ಲ. 1868ರ ಕಾರ್ನಾಕ್ ಸೇತುವೆಯನ್ನು 2022ರ ನವೆಂಬರ್‌ನಲ್ಲಿ ಕೆಡವಿದರು. 1912ರ ಸಯನ್ ಸೇತುವೆ 2024ರ ಆಗಸ್ಟ್‌ನಲ್ಲಿ, ಪ್ರಭಾದೇವಿಯ ಎಲ್ಫಿನ್‌ಸ್ಟನ್ ಸೇತುವೆ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದವು. ಹಳತನ್ನು ತೆಗೆಯಲೇಬೇಕು, ನಮ್ಮ ತಕರಾರಿಲ್ಲ. ಆದರೆ ನಡೆಯುವವನ ದಾರಿ ನಕ್ಷೆಯ ಕೊನೆಗೆ ಅಂಟಿಸುವ ಪಟ್ಟಿಯಾಗದಿರಲಿ.

ನಾಳೆ ನಿಮ್ಮ ಊರಿನ ಸೇತುವೆ ದಾಟುವಾಗ ಕಂಬಿಯಾಚೆ ಒಮ್ಮೆ ಬಗ್ಗಿ ನೋಡಿ. ತುಕ್ಕಿನ ಕೆಂಪು ಗೆರೆ, ಜೋತುಬಿದ್ದ ಕೇಬಲ್, ಕಲ್ಲಿನ ಮೇಲೆ ಕಲ್ಲು ಹಾಸಿದ ಫುಟ್‌ಪಾತ್ ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು ವಾರ್ಡ್ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಮೊಹರು ಮರೆಯದೆ ಹಾಕಿಸಿಕೊಳ್ಳಿ. ಪಾಲಿಕೆಯ ದೂರವಾಣಿ 1916, ರೈಲ್ವೆಯದ್ದು 139. ಎರಡಕ್ಕೂ ಹೇಳಿ.